ದೊಡ್ಡಮ್ಮ ವ್ಯಾನ್ ನಿಲ್ಲಿಸಿದ ತಿರುವು

ಹೋದ ತಿಂಗಳು ಅಮ್ಮನೊಡನೆ ಗೋಪಾಲಸ್ವಾಮಿ ಬೆಟ್ಟದಿಂದ ಬಸ್ಸಿನಲ್ಲಿ ಇಳಿಯುತ್ತಿದ್ದೆ. ಒಂದು ತಿರುವಿನಲ್ಲಿ ಕಿಟಕಿಯಿಂದ ಕಾದ ಬ್ರೇಕಿನ ವಾಸನೆ ಬಂತು. ಮೂಗಿಗೆ ಅಡರುವ ಸುಟ್ಟ ವಾಸನೆ... ಅದರ ಹಿಂದೆಯೇ ಅಕ್ಕೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ನೆನಪಾದರು.

ರೇಷ್ಮೆ ಬೆಳೆಯುತ್ತಿದ್ದ ಹೆಂಗಸು. ಗಂಡ ತೀರಿಕೊಂಡ ಮೇಲೆ, ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸಲು ಯಾರ ದಾರಿಯನ್ನೂ ಕಾಯಲಾರೆನೆಂದು ನಲವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಚ್ಚಿಟ್ಟು, ಬರಿಗಾಲಲ್ಲೇ ಹಳೆಯ ವ್ಯಾನ್ ಓಡಿಸುತ್ತಿದ್ದರು. ಊರಿನ ಗಂಡಸರು ಮೊದಮೊದಲು ನಕ್ಕರು. ಆಮೇಲೆ ಅವರೂ ಅದೇ ವ್ಯಾನ್ ಹತ್ತಿದರು.

ಅಮ್ಮನಿಗೆ ಎದೆಯ ಆಪರೇಷನ್ ಆಗಿದ್ದ ವರ್ಷ. ಗುಣವಾದರೆ ಬೆಟ್ಟಕ್ಕೆ ಬರುತ್ತೇನೆಂದು ಹರಕೆ ಹೊತ್ತಿದ್ದಳು. "ನಡಿ, ನಾನ್ ಕರ್ಕೊಂಡೋಯ್ತೀನಿ" ಎಂದರು ದೊಡ್ಡಮ್ಮ.

ಈಗಿನಂತೆ ಬಸ್ಸಿನಲ್ಲೇ ಹತ್ತಬೇಕೆಂಬ ಕಟ್ಟುಪಾಡು ಆಗ ಇರಲಿಲ್ಲ. ಬಂಡೀಪುರದ ಕಾಡಿನೊಳಗೆ ಒಂದೊಂದು ತಿರುವು ಏರಿದಂತೆಲ್ಲ ಕೆಳಗಿನ ಕಾಡು ಇನ್ನಷ್ಟು ಅಗಲವಾಗುತ್ತಿತ್ತು. ಹುಲ್ಲುಬೆಟ್ಟಗಳ ನೆತ್ತಿಯಲ್ಲಿ ಮಂಜು. ದೊಡ್ಡಮ್ಮ ಮಾತ್ರ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಓಡ್ಸೋರು ನೋಡ್ಬಾರ್ದು ಕಣೆ. ನೀನ್ ನೋಡಿ ನಂಗೇಳು."

ನಾನು ದಾರಿಯುದ್ದಕ್ಕೂ ಹೇಳುತ್ತಾ ಹೋದೆ.

ಇಳಿಯುವಾಗ ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಳು. ಅರ್ಧ ದಾರಿಯಲ್ಲಿ ಆ ವಾಸನೆ ಬಂತು. ದೊಡ್ಡಮ್ಮ ಬ್ರೇಕನ್ನು ಒಮ್ಮೆ ತುಳಿದರು, ಮತ್ತೊಮ್ಮೆ ತುಳಿದರು. ನನ್ನ ಕಡೆ ತಿರುಗದೆ ಮೆಲ್ಲಗೆ, "ಬ್ರೇಕ್ ಹಿಡೀತಿಲ್ಲ. ಕಿರಚ್ಬ್ಯಾಡ, ನಿಮ್ಮವ್ವ ಎದ್ಬುಟ್ಟಾಳು" ಎಂದರು.

ಒಂದು ಪಕ್ಕ ಕಣಿವೆ. ಅವರು ಗೇರನ್ನು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿದರು. ಇಂಜಿನ್ ನರಳಿತು. ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆಯುತ್ತಾ ವ್ಯಾನನ್ನು ಬೆಟ್ಟದ ಬದಿಯ ಮಣ್ಣಿಗೆ ಉಜ್ಜಿಸಿದರು. ತಗಡು ಕರಕರ ಎಂದಿತು... ನಿಂತೆವು.

ಅಮ್ಮ ಕಣ್ಣುಬಿಟ್ಟಳು. "ಏನಕ್ಕ ಅದು ಸದ್ದು? ಯಾಕ್ ನಿಲ್ಸ್ಬುಟ್ಟೆ?"

"ಸೈಡಿಗಾಕುವಾಗ ಒಸಿ ತಗುಲ್ತು. ಹತ್ತುವಾಗ ನಾನೇನೂ ನೋಡ್ನಿಲ್ವಲ್ಲ, ಈಗ ನೋಡುವಾ ಅಂತ."

ಅವರ ಕೈಗಳು ನಡುಗತೊಡಗಿದ್ದು ಆಗ. ಅವನ್ನು ಸೆರಗಿನೊಳಗೆ ಮುಚ್ಚಿಕೊಂಡು ಕಾಡನ್ನೇ ನೋಡುತ್ತಾ ಕುಳಿತರು. ಬಹಳ ಹೊತ್ತಾದ ಮೇಲೆ ಬ್ರೇಕು ಆರಿ ಮತ್ತೆ ಹಿಡಿಯಿತು. ಮನುಷ್ಯ ನಡೆದಷ್ಟೇ ನಿಧಾನವಾಗಿ ನಮ್ಮನ್ನು ಕೆಳಗಿಳಿಸಿದರು. ಕೆಳಗೆ ಅಮ್ಮ ಕೈತೊಳೆಯಲು ಹೋದಾಗ ದೊಡ್ಡಮ್ಮ ನನಗೆ ಹೇಳಿದ್ದು ಒಂದೇ ಮಾತು: "ಅವ್ಳಿಗೆ ಹೇಳ್ಬ್ಯಾಡ. ಇನ್ನೊಂದ್ ದಪ ಬರಾಕೆ ಹೆದರ್ಕಂತಳೆ."

ಅಷ್ಟು ಗಟ್ಟಿ ಜೀವವನ್ನು ನಾನು ಮತ್ತೆ ಕಂಡಿಲ್ಲ. ಅವರು ಹೋಗಿ ಮೂರು ವರ್ಷವಾಯಿತು. ಅಮ್ಮನಿಗೆ ನಾನು ಹೇಳಿರಲಿಲ್ಲ. ಹೋದ ತಿಂಗಳು ಆ ಬಸ್ಸಿನಲ್ಲೇ ಮೊದಲ ಸಲ ಹೇಳಿದೆ. ಬಸ್ಸು ಕೆಳಗಿನ ಗೇಟಿಗೆ ಬಂದಾಗ ಅಮ್ಮ ನನ್ನ ಕಡೆ ತಿರುಗಿದಳು.

"ಅವ್ಳಿದ್ದಾಗ್ಲೇ ಹೇಳ್ಬಾರ್ದಿತ್ತೇನೆ... ಕೈನಾದ್ರೂ ಹಿಡ್ಕೊತಿದ್ನಲ್ಲ."