ಎಂಥಾ ಹುಕೂಮತ್ ಬೇಕು?

ಕಮಲಾಪುರದ ಬಕ್ಕಪ್ಪ ಬಾಳೆತೋಟದವರ ಮಗ. ಕಲಬುರಗಿಯ ರೋಜಾ ಬಡಾವಣೆಯಲ್ಲಿ ಬಾಡಿಗೆ ಖೋಲಿ ಹಿಡಿದು ಮ್ಯಾಟ್ರಿಕ್ ಮುಗಿಸಿದ್ದ. ನಿಜಾಮರ ಕಾಲದಲ್ಲಿ ಓದೆಲ್ಲ ಉರ್ದುವಿನಲ್ಲಿ. ಅವನಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ೧೯೩೯ರಲ್ಲಿ ಅಲ್ಲಿಯದೇ ಒಂದು ಕಾಲೇಜಿಗೆ ಅರ್ಜಿ ಹಾಕಿದ. ಗಲಾಟೆಯ ಹುಡುಗರನ್ನು ಹೊರಗಿಡಲು ಅಲ್ಲಿ ಸಂದರ್ಶನದಲ್ಲೇ ರಾಜಕೀಯ ಕೆದಕುತ್ತಿದ್ದರು. ಬಾಯಿ ತಪ್ಪಿದರೆ ಓದು ಅಲ್ಲಿಗೇ ಮುಗಿಯಿತು.

“ನಿನಗ ಎಂಥಾ ಹುಕೂಮತ್, ಎಂಥಾ ಸರಕಾರ ಬೇಕೊ?” ಎಂದರು ಪ್ರಿನ್ಸಿಪಾಲ ಸಾಹೇಬರು.

“ನನ್ನ ಕಾಗದ ನಮ್ಮಪ್ಪ ತಾನೇ ಓದೂವಂಥಾದ್ದು ಬೇಕ್ರಿ. ಅವಗ ಬರೇ ಕನ್ನಡ ಬರ್ತದ. ನನ್ನ ಉರ್ದು ಕಾಗದ ಮಸೂತಿ ಮುಲ್ಲಾ ಕಟ್ಟಿ ಮ್ಯಾಲ ಕುಂತು ಊರಿಗೆಲ್ಲ ಕೇಳೂಹಂಗ ಓದಿ ಹೇಳ್ತಾರ. ಹೋದ ಸಲ ‘ನೀ ನೋಡಿದ ಹೆಣ್ಣು ಒಲ್ಲೆ’ ಅಂತ ಬರದಿದ್ದೆ. ಅಪ್ಪ ಮನಿ ಮುಟ್ಟೂದರೊಳಗ ಹೆಣ್ಣಿನವರು ಜಗಳಕ್ಕ ಬಂದಿದ್ರು ನೋಡ್ರಿ!”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಸೇರ್ಕೊ ಮಾರಾಯ. ಆದ್ರ ಇಲ್ಲಿ ಓದೂ ಎರಡು ವರ್ಷ ಯಾವ ಜುಲೂಸಿಗೂ, ಮೆರವಣಿಗೆಗೂ ಹೋಗಬಾರದು.”

“ಎರಡು ವರ್ಷ ಹೋಗಂಗಿಲ್ರಿ.”

ಬಕ್ಕಪ್ಪ ಮಾತಿಗೆ ತಪ್ಪಲಿಲ್ಲ. ಕೊನೆಯ ಪರೀಕ್ಷೆ ಬರೆದ ಮರುದಿನವೇ ಕನ್ನಡದವರ ಮೆರವಣಿಗೆಗೆ ಹೋಗಿ, ಕನ್ನಡ ಶಾಲೆ ಬೇಕೆಂದು ಎಲ್ಲರಿಗಿಂತ ಜೋರಾಗಿ ಕೂಗಿದ.