ಸೂಟಿ ಹಾಡಿನ ಕಾಕಾ

ಹಾಡು ಕೇಳುವಾಗ ಕಾಕಾ ಬಾಯಿ ತೆರೆದುಕೊಂಡಿರುತ್ತಿದ್ದರು. ಪೂರ್ತಿ ಅಲ್ಲ, ತುತ್ತಿಗೆ ಕಾಯುವ ಮಗುವಿನಷ್ಟು. ಕಣ್ಣು ಮುಚ್ಚಿ, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ಕೂತರೆಂದರೆ ಬಿಳಿಯ ಮೀಸೆ ಮಾತ್ರ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು. ತಮಿಳು ಮುಸ್ಲಿಮರ ಆ ಮಾಮಾಕ್ ಹೋಟೆಲಿನವನು ಚಹಾ ಇಟ್ಟು ಸದ್ದಿಲ್ಲದೆ ಹೋಗುತ್ತಿದ್ದ. ಅದು ಆರಿ ಕೆನೆಗಟ್ಟಿದ ಮೇಲೆ ಕಣ್ಣು ತೆರೆಯುತ್ತಿದ್ದರು.

“ಎಲ್ಲಿಗೆ ಹೋಗಿದ್ರಿ ಕಾಕಾ?” ಎಂದರೆ, “ನಾ ಇಲ್ಲೇ ಇದ್ದೆ. ಹಾಡು ಹೊಂಟಿತ್ತು, ಬಾಗಿಲತನಕ ಕಳಿಸಿ ಬಂದೆ” ಎನ್ನುತ್ತಿದ್ದರು.

ಮಲಯ ನಾಡಿನ ಪುಚೊಂಗಿನ ಆ ಹೋಟೆಲಿನ ಮಹಡಿಯ ಮೇಲೆ ನಮ್ಮ ಪುಟ್ಟ ಇಂಟರ್ನೆಟ್ ರೇಡಿಯೊ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಕನ್ನಡದ್ದು. ನಾನು ಬರೆದುಕೊಡುವವಳು, ಮೈಕಿನ ಮುಂದೆ ಕೂರುವವರು ಬೇರೆ. ಹಾಡು ಆರಿಸುವವರು ಕಾಕಾ. ಹುಬ್ಬಳ್ಳಿಯವರು, ಬಯಾನ್ ಲೆಪಾಸಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ ಸುಬಾಂಗ್ ಜಯಾದ ಮಗಳ ಮನೆಯಲ್ಲಿದ್ದರು. ಪ್ರತಿ ಶನಿವಾರ ಮಧ್ಯಾಹ್ನ ರೈಲು ಬದಲಿಸಿಕೊಂಡು ಬರುತ್ತಿದ್ದರು. ಧ್ವನಿಯ ಕೆಲಸ ನೋಡಿಕೊಳ್ಳುವ ಮಲಯ ಹೆಂಗಸಿಗೆ ನಾವು ಅವರನ್ನು ಕರೆಯುವ ರೀತಿಯೇ ತಮಾಷೆ. ಅವಳ ಭಾಷೆಯಲ್ಲಿ ಕಾಕಾಕ್ ಎಂದರೆ ಅಕ್ಕ. “ನಿಮ್ಮ ಮೀಸೆ ಅಕ್ಕ ಬಂದರು” ಎಂದು ಮೇಲಿನಿಂದ ಕೂಗುತ್ತಿದ್ದಳು.

“ಹಾಡು ಹಾಕೂದಲ್ಲ ತಂಗಿ, ಕೂಡ್ಸೂದು” ಎಂಬುದು ಅವರ ಮಾತು. ನಾವು ಮೈಸೂರಿನವರು ಕೂರಿಸುವುದು ಎನ್ನುತ್ತೇವಲ್ಲ, ಅದು. ಒಂದೊಂದು ಹಾಡನ್ನೂ ಒಂದೊಂದು ಚೀಟಿಯಲ್ಲಿ ಬರೆದು, ಮದುವೆ ಊಟಕ್ಕೆ ಪಂಕ್ತಿ ಹಾಕಿದಂತೆ ಮೇಜಿನ ಮೇಲೆ ಸಾಲಾಗಿಡುತ್ತಿದ್ದರು. ಯಾರ ಮಗ್ಗುಲಿಗೆ ಯಾರು ಕೂತರೆ ಊಟ ಒಳಗಿಳಿಯುತ್ತದೆ ಎಂಬುದೇ ಅವರ ಚಿಂತೆ. ಚೀಟಿಗಳನ್ನು ಸರಿಸುತ್ತ ಸರಿಸುತ್ತ ಮಧ್ಯಾಹ್ನ ಕರಗುತ್ತಿತ್ತು. ರಸ್ತೆಯ ಮೇಲಿನ ಸೇತುವೆಯಲ್ಲಿ ರೈಲು ಹೋದಾಗ ಗ್ಲಾಸಿನಲ್ಲಿ ಚಹಾ ನಡುಗುತ್ತಿತ್ತು.

ಆ ವರ್ಷ ದೀಪಾವಳಿ ರಜೆಗೆ ವಿಶೇಷ ಕಾರ್ಯಕ್ರಮ ಮಾಡಿ ಎಂದರು ರೇಡಿಯೊದವರು. ನಾನು ಹಬ್ಬದ ಸಿನಿಮಾ ಹಾಡುಗಳ ಪಟ್ಟಿ ಒಯ್ದೆ. ಕಾಕಾ ಬದಿಗೆ ಸರಿಸಿದರು. “ಹಬ್ಬದ ಹಾಡು ಮಾಲ್‌ನ್ಯಾಗ ತಿಂಗಳಗಟ್ಲೆ ಬಡ್ಕೋತಾವ. ನಮಗ್ಯಾಕ ಅವು? ನೀ ಮಂದೀನ ಸೂಟಿ ಹಾಡು ಕೇಳು.”

ಸೂಟಿ ಎಂಬುದು ನಾನು ಕೇಳಿರದ ಮಾತು. ಗೊತ್ತಿಲ್ಲ ಎನ್ನಲು ಜಂಬ ಬಿಡಲಿಲ್ಲ. ಸೂಟ್ ಆಗುವುದು ಎಂದೇ ತಿಳಿದು, “ನಿಮಗೆ ಸೂಟ್ ಆಗುವ ಹಾಡು ಕಳಿಸಿ” ಎಂದು ವಾಟ್ಸಾಪ್ ಗುಂಪಿಗೆ ಬರೆದೆ. ಒಬ್ಬರು, “ಬೇರೆಯವರ ಹಾಡು ನಂಗೆ ಸೂಟ್ ಆಗಲ್ಲ, ನಾನೇ ಹಾಡಿದ್ರೆ ನಡೆಯತ್ತಾ?” ಎಂದರು. ನಡೆಯತ್ತೆ ಎಂದುಬಿಟ್ಟೆ. ಅಷ್ಟೇ, ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು. ದೋಸೆಯ ಚುಯ್ ಸದ್ದಿನ ಜೊತೆ ಒಬ್ಬ ಗಂಡನ ಅಪಸ್ವರ ಬಂತು. ಭಟ್ಕಳದ ಡಾಕ್ಟರೊಬ್ಬರು, ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಗುನುಗುವ ತಮ್ಮ ಅಮ್ಮಿಯ ದನಿಯನ್ನು ಕಳಿಸಿದರು. ಇಲ್ಲೇ ಹುಟ್ಟಿದ ಹುಡುಗಿಯೊಬ್ಬಳು ಜೋಗುಳವನ್ನು ತೊದಲಿ ಮುಗಿಸಿ, ಇಲ್ಲಿನವರ ಹಾಗೆ “ಓಕೆ, ಡನ್ ಲಾ” ಎಂದಳು.

ಶನಿವಾರ ಅವನ್ನೆಲ್ಲ ಒಯ್ದೆ. ಕಾಕಾ ನನ್ನ ಸಂದೇಶ ಓದಿ ಮೇಜು ಬಡಿದು ನಕ್ಕರು. “ಹುಚ್ಚಿ! ಸೂಟಿ ಅಂದ್ರ ರಜಾ! ಕೆಲಸ ಇಲ್ದ ದಿನ ಏನ್ ಗುನುಗ್ತೀರಿ ಅಂತ ನಾ ಕೇಳಿದ್ದು.” ಆಗಷ್ಟೇ ಕೆಳಗೆ ಬಂದ ಮಲಯ ಹೆಂಗಸು, “ಚುಟಿ? ನಾವೂ ರಜೆಗೆ ಚುಟಿ ಅಂತೀವಿ. ಸೇಮ್ ಲಾ!” ಎಂದಳು. ಇಲ್ಲಿ ಹತ್ತು ವರ್ಷದಿಂದ ರಜೆ ಹಾಕುತ್ತಿರುವ ನನಗೆ ಮಾತ್ರ ಅದು ಹೊಳೆದಿರಲಿಲ್ಲ. “ಇರ್ಲಿ, ನಾ ಕೇಳಿದ್ದಕ್ಕಿಂತ ನೀ ತಂದಿದ್ದ ಛಲೋ ಐತಿ” ಎಂದು ಕಾಕಾ ಹೆಡ್‌ಫೋನ್ ಹಾಕಿಕೊಂಡರು.

ಬಯಾನ್ ಲೆಪಾಸಿನ ಎಂಜಿನಿಯರೊಬ್ಬರು ಬಾಲ್ಕನಿಯಲ್ಲಿ ನಿಂತು ಸಿಳ್ಳೆ ಹಾಕಿ ಕಳಿಸಿದ್ದರು. ಅದು ಬಂದಾಗ ಕಾಕಾ, “ಇದು ಖಾಲಿ ಐತಲ್ಲ. ಆದ್ರೂ ನಡುವ ಕೂಡ್ಸು. ಊಟದಾಗ ನೀರೂ ಬೇಕು” ಎಂದು ಖಾಲಿ ಚೀಟಿಯೊಂದನ್ನು ಸಾಲಿನ ಮಧ್ಯ ಇಟ್ಟರು. ಸಿಳ್ಳೆ ಇತ್ತು. ಅವರ ಕಿವಿಯ ಹೆಡ್‌ಫೋನಿನಿಂದ ಹೊರಗೆ ನನಗೂ ಕೇಳುತ್ತಿತ್ತು.

ಕಾಕಾ ನನ್ನತ್ತ ನೋಡಿದರು. “ಯಾಕ ಸುಮ್ಮನಾದಿ?”

“ಏನಿಲ್ಲ ಕಾಕಾ.”

“ಅಂದ್ರ ಅದ್ರಾಗ ಏನೋ ಐತಿ.” ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡರು. “ಮೊದಲ ಕೋಗಿಲಿ ಹೋತು. ಆಮ್ಯಾಲ ಕುಕ್ಕರ್ ಸೀಟಿ ಹೋತು, ಬ್ಯಾಳಿ ಸೀದು ಮಗಳು ಬೈದ್ಲು. ಸಣ್ಣ ದನಿ ಒಂದೊಂದಾಗಿ ಹೊಂಟಾವ. ಇದೊಂದು ಪಟ್ಟಿ ನನ್ನ ಕಿವೀಲೆ ಮಾಡಿ ಮುಗಸಬೇಕಂತ ಆಸೆ ಇತ್ತವಾ.”

ಸಿಳ್ಳೆ ಇದೆ ಎಂದೆ.

“ಎಂಥಾ ಸಿಳ್ಳೆ? ಬಸ್ ನಿಲ್ಲಸೂದೋ, ಹುಡುಗೀನ ಕರಿಯೂದೋ?”

ಅವರ ಮಡಿಲಿನ ಹೆಡ್‌ಫೋನನ್ನು ನನ್ನ ಕಿವಿಗೆ ಹಿಡಿದು ಮೂರು ಸಲ ಕೇಳಿದೆ. “ನಲ್ಲಿ ಕೆಳಗೆ ಬಕೆಟ್ ಇಟ್ಟು, ತುಂಬೋವರೆಗೂ ನಿಂತಿರ್ತಾರಲ್ಲ ಕಾಕಾ, ಅಂಥ ಸಿಳ್ಳೆ. ಅವಸರ ಇಲ್ಲ. ಸ್ವಲ್ಪ ಬೇಜಾರಿದೆ.”

ಕಾಕಾ ಬಾಯಿ ತೆರೆದುಕೊಂಡೇ ಕೇಳಿದರು. ಚೀಟಿಯನ್ನು ಎತ್ತಿ, ಅದರ ಮೇಲೆ ಸಿಳ್ಳೆ ಎಂದು ಬರೆದು, ಸಾಲಿನ ತಲೆಗೆ ಇಟ್ಟರು. “ಹಂಗಾದ್ರ ಇದ ಮೊದಲ. ರಜಾ ಹಂಗ ಸುರು ಆಗ್ತೈತಿ.”

ಭಾನುವಾರ ಅದು ಹಾಗೆಯೇ ಹೋಯಿತು. ಸಿಳ್ಳೆ ಮುಗಿಯುವವರೆಗೂ ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದರು. ಅಲ್ಲಿಯೇ ಕೇಳಿಸಿಕೊಂಡರೆಂದು ಕಾಣುತ್ತದೆ.

ಆಮೇಲೆ ಎರಡು ವರ್ಷ ನಾನು ಹಾಡುಗಳನ್ನು ಕೇಳಿ ಅವು ಹೇಗಿವೆ ಎಂದು ಹೇಳುತ್ತ ಹೋದೆ, ಅವರು ಕೂಡಿಸುತ್ತ ಹೋದರು. ಚೆನ್ನಾಗಿದೆ ಎಂದರೆ ಒಪ್ಪುತ್ತಿರಲಿಲ್ಲ. “ಚೆನ್ನಾಗೈತಿ ಅಂತ ಅಂಗಡ್ಯಾಂವ ಹೇಳ್ತಾನ. ನೀ ಹಾಡಿನಾಗ ಏನೈತಿ ಹೇಳು.” ಅದುವರೆಗೆ ನಾನು ಪಾತ್ರೆ ತೊಳೆಯುತ್ತ ಹಾಡು ಕೇಳಿದವಳು. ಕೂತು ಕೇಳುವುದನ್ನು ಕಲಿತದ್ದು ಆಗ, ಕಿವಿ ಹೋಗುತ್ತಿದ್ದ ಮನುಷ್ಯನಿಂದ.

ಕೊನೆಯ ಸಲ ನೋಡಿದಾಗ ಸುಬಾಂಗ್ ಜಯಾದ ಮನೆಯಲ್ಲಿ ಮಲಗಿದ್ದರು. ಕಿವಿಯ ಯಂತ್ರ ಬೇಡವೆಂದು ತೆಗೆದಿಟ್ಟಿದ್ದರು. ಹಾಸಿಗೆಯ ಪಕ್ಕ ಕೂತು ಆ ವಾರದ ಹಾಡುಗಳನ್ನು ಒಂದೊಂದಾಗಿ ಹೇಳಿದೆ. ಮುಗಿದ ಮೇಲೆ ಕೇಳಿದೆ, “ಮಗಳಿದ್ದಾರೆ, ಮೊಮ್ಮಗಳಿದ್ದಾಳೆ. ಶನಿವಾರ ಶನಿವಾರ ನನ್ನ ಕೈಲೇ ಯಾಕೆ ಹೇಳಿಸ್ತಿದ್ರಿ ಕಾಕಾ?”

“ಮೊಮ್ಮಗಳ ದನಿ ಎಂದೋ ಹೋತು. ಮಗಳದ್ದೂ ಹೋಗೇತಿ, ಬರೇ ತುಟಿ ಕಾಣ್ತಾವ. ನಿಂದು ದಪ್ಪ ದನಿ ತಂಗಿ. ಅದೊಂದು ಉಳದೈತಿ.”

ನನ್ನದು ಗಂಡು ದನಿ. ಶಾಲೆಯ ಪ್ರಾರ್ಥನೆಯಲ್ಲಿ ತುಟಿ ಮಾತ್ರ ಆಡಿಸು ಎಂದಿದ್ದರು ಟೀಚರ್. ಫೋನಿನಲ್ಲಿ ಇಂದಿಗೂ ಎಲ್ಲರಿಗೂ ನಾನು ಸಾರ್. ಮೈಕಿನಿಂದ ದೂರ ಕೂತು ಬರೆದುಕೊಡುತ್ತಿದ್ದದ್ದೂ ಅದಕ್ಕೇ. ಲೋಕದ ದನಿಗಳೆಲ್ಲ ಬಿಟ್ಟು ಹೋಗುವಾಗ ಒಬ್ಬರ ಬಳಿ ಕೊನೆಗೆ ಉಳಿದದ್ದು ಇದು. ಇನ್ನು ಇದಕ್ಕೆ ನಾಚಿದರೆ ಅದು ಕಾಕಾಗೆ ಮಾಡುವ ಅವಮಾನ.

ಅವರು ತೀರಿಕೊಂಡ ಮುಂದಿನ ಭಾನುವಾರ ನಾನೇ ಮೈಕಿನ ಮುಂದೆ ಕೂತೆ. ಮೊದಲ ಕರೆ ಪುಚೊಂಗಿನಿಂದಲೇ ಬಂತು.

“ನಮಸ್ಕಾರ ಸಾರ್!”

“ನಮಸ್ಕಾರ,” ಎಂದೆ, ಇನ್ನಷ್ಟು ಗಟ್ಟಿಯಾಗಿ. “ಹೇಳಿ.”