ನಲವತ್ತೊಂದನೆಯ ಫೋಟೋ

ಕೈಗುಣ ಎನ್ನುವುದನ್ನು ನಾನು ನಂಬುತ್ತಿರಲಿಲ್ಲ. ಭೌತಶಾಸ್ತ್ರ ಓದಿದವಳು ನಾನು. ಕೆಟ್ಟದ್ದಕ್ಕೆ ಕಾರಣವಿರುತ್ತದೆ, ಕಾರಣ ತಿಳಿದರೆ ರಿಪೇರಿಯಾಗುತ್ತದೆ, ಅಷ್ಟೆ. ಮೂರು ವರ್ಷದ ಹಿಂದಿನ ಒಂದು ಮಧ್ಯಾಹ್ನ ಮಾತ್ರ ಈ ಲೆಕ್ಕಕ್ಕೆ ಇನ್ನೂ ಸಿಕ್ಕಿಲ್ಲ.

ಹಿರೇಗುಂಟನೂರಿನಲ್ಲಿ ನಮ್ಮ ಅಜ್ಜಿ ತೀರಿಕೊಂಡಿದ್ದಳು. ಹನ್ನೊಂದನೆಯ ದಿನ ಎಡೆ ಇಡಲು ಫೋಟೋ ಬೇಕಿತ್ತು. ಕ್ಯಾಮೆರಾ ಕಂಡರೆ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದವಳದು ಮನೆಯಲ್ಲಿ ಒಂದೂ ಇರಲಿಲ್ಲ. ಹಿಂದಿನ ತಿಂಗಳು ಗೆಳತಿಯ ಡಿಜಿಟಲ್ ಕ್ಯಾಮೆರಾದಲ್ಲಿ ನಾನು ತೆಗೆದದ್ದರಲ್ಲಿ ಎಲ್ಲಾದರೂ ಮುಖ ಸಿಕ್ಕಿದ್ದರೆ ಅದೇ ಆಸರೆ. ಆದರೆ ಬಳಸಿದ ಮೇಲೆ ಟಾರ್ಚಿನ ಸೆಲ್ ಬಿಚ್ಚಿಡುವ ನಮ್ಮ ಮನೆಯ ರೂಢಿಯಂತೆ, ಕ್ಯಾಮೆರಾದ ಕೆಂಪು ದೀಪ ಇನ್ನೂ ಮಿನುಗುತ್ತಿರುವಾಗಲೇ ಸೆಲ್ ಕಿತ್ತಿದ್ದೆ. ಅಂದಿನಿಂದ ಪರದೆಯ ಮೇಲೆ ‘ಕಾರ್ಡ್ ಎರರ್’ ಒಂದೇ.

ಚಿತ್ರದುರ್ಗದ ಎರಡು ಅಂಗಡಿಯವರು ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಿ ಎಂದರು. ಮೂರನೆಯವರು ತಿಪ್ಪೇಸ್ವಾಮಣ್ಣ, ಮೊದಲು ವಾಚು ರಿಪೇರಿ ಮಾಡುತ್ತಿದ್ದವರು. ಕಾರ್ಡ್ ಓದುತ್ತಿಲ್ಲ ಎಂದಷ್ಟೇ ಹೇಳಿದೆ.

“ಫಾರ್ಮ್ಯಾಟ್ ಒತ್ತಿಲ್ಲ ತಾನೆ, ತಾಯಿ?”

“ಇಲ್ಲ.”

“ಜಾಣೆ. ಒತ್ತಿದ್ರೆ ಇಬ್ರೂ ಕುಂತು ಅಳ್ಬೇಕಿತ್ತು.”

ಕಾರ್ಡಿನ ಹಿತ್ತಾಳೆ ಬಣ್ಣದ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದರು. ಅದನ್ನು ಇನ್ನೂ ಕಂಪ್ಯೂಟರಿಗೆ ಹಾಕಿರಲಿಲ್ಲ. ಅಂಗೈಯಲ್ಲಿಟ್ಟುಕೊಂಡವರು, “ನಲವತ್ತೊಂದು ಅವೆ. ಕೊನೇದು ಅರ್ಧ ಹೋಗೈತೆ. ಆದ್ರೂ ನಿಂಗೆ ಬೇಕಾದ್ದು ಅದೇ. ಅಜ್ಜಿ ನಗ್ತೈತೆ” ಎಂದರು.

“ನಲವತ್ತು,” ಎಂದೆ. ನೋಟ್‌ಬುಕ್ಕಿನಲ್ಲಿ ಒಂದೊಂದನ್ನೂ ಬರೆದಿಟ್ಟಿದ್ದೆ.

“ಬರ್ದಿದ್ದು ನೀನು, ತೆಗ್ದಿದ್ದು ಕ್ಯಾಮೆರಾ. ಕುಂತ್ಕಳಮ್ಮ, ನೋಡಾಣ.”

ಅಂಥ ತಾಳ್ಮೆಯನ್ನು ನಮ್ಮ ಪ್ರಯೋಗಾಲಯದಲ್ಲೂ ಕಂಡಿಲ್ಲ. ಕಾರ್ಡಿನಲ್ಲಿದ್ದುದನ್ನೆಲ್ಲ ಮೊದಲು ನಕಲು ಮಾಡಿಕೊಂಡು, ಕಾರ್ಡನ್ನು ಪಕ್ಕಕ್ಕಿಟ್ಟು, ನಕಲಿನ ಮೇಲೆ ಎರಡು ಗಂಟೆ ಕೂತರು. ನಲವತ್ತನೆಯದರಲ್ಲಿ ಬರೀ ಸೆರಗು. ಆಮೇಲೆ ಇನ್ನೊಂದು, ಮೇಲಿನಿಂದ ಗೆರೆಗೆರೆಯಾಗಿ ಇಳಿಯಿತು: ಬಿಳಿಗೂದಲು, ಹಣೆ, ಕಣ್ಣು, ಬಾಯ್ತುಂಬ ನಗು. ಕುತ್ತಿಗೆಯ ಕೆಳಗೆ ಬೂದುಬಣ್ಣ.

ಕ್ಯಾಮೆರಾ ಇಳಿಸುವಾಗ ಬೆರಳು ತಾಗಿರಬಹುದು. ಒಂದು ಹೆಚ್ಚಾದದ್ದಕ್ಕೆ ಅಷ್ಟು ಸಾಕು. ಆದರೆ ಅಜ್ಜಿಯ ಮಾತನ್ನೇ ನಾನು ಎತ್ತಿರಲಿಲ್ಲ. ಮನೆಯ ವಿಷಯ ಹೊರಗೆ ಆಡುವವಳಲ್ಲ ನಾನು.

“ಹೇಗೆ ಗೊತ್ತಾಯಿತು?” ಎಂದು ಕೇಳಿಯೇಬಿಟ್ಟೆ.

“ನಂಗೇನ್ ಗೊತ್ತಮ್ಮ, ಕೈಯಾಗಿದ್ದಾಗ ಹಂಗನ್ನಿಸ್ತು,” ಎಂದು ಅವರು ಕನ್ನಡಕ ಒರೆಸಿಕೊಂಡರು.

ಹನ್ನೊಂದನೆಯ ದಿನ ಚೆಂಡುಹೂವಿನ ಹಾರ ಸರಿಯಾಗಿ ಆ ಬೂದುಬಣ್ಣದ ಮೇಲೆ ಬಿತ್ತು. ಚಿಕ್ಕಪ್ಪ ಫೋಟೋವನ್ನೇ ನೋಡುತ್ತಾ, “ಜನ್ಮದಾಗೆ ಫೋಟೋಕ್ಕೆ ಮುಖ ಕೊಡದ ಮುದುಕಿ. ಏನಂದು ನಗಿಸ್ದೆ ನೀನು?” ಎಂದ.

ನಾನು ಏನೂ ಅಂದಿರಲಿಲ್ಲ. ಅವಳು ನಕ್ಕದ್ದನ್ನು ನಾನು ನೋಡಿಯೇ ಇರಲಿಲ್ಲ.